ಓದುಗರ ಪ್ರಶ್ನೆ: ಹಾಯಿದೋಣಿಗೆ ಉಪ್ಪುನೀರಿನ ಕಾಟ

ಪ್ರಶ್ನೆ: ನಮ್ಮದು 14 ಅಡಿಯ ಫೈಬರ್ ಹಾಯಿದೋಣಿ. ಟ್ರೈಲರ್‌ನಲ್ಲಿ ಹಂಗಾರಕಟ್ಟೆಗೆ ಒಯ್ದು ಅಳಿವೆಯಲ್ಲಿ ಇಳಿಸುತ್ತೇವೆ. ವರ್ಷದೊಳಗೆ ಎರಡು ಸಲ ಚಕ್ರದ ಬೇರಿಂಗ್ ಹೋಯಿತು. ಮೆಕ್ಯಾನಿಕ್ ಪ್ರತಿಸಲ ಗ್ರೀಸ್ ತುಂಬಿಯೇ ಕೊಡುತ್ತಾರೆ. ತಪ್ಪೆಲ್ಲಿ?
— ಸುರತ್ಕಲ್‌ನ ಓದುಗರು

ಉತ್ತರ: ದೋಣಿ ಇಳಿಸುವ ಹೊತ್ತಿನಲ್ಲೇ ಬೇರಿಂಗ್ ಹಾಳಾಗುತ್ತಿದೆ. ಹೆದ್ದಾರಿ 66ರಲ್ಲಿ ಅಷ್ಟು ದೂರ ಓಡಿ ಬಂದ ಹಬ್ (ಬೇರಿಂಗ್ ಕೂರುವ ಚಕ್ರದ ನಡುಭಾಗ) ಬಿಸಿಯಾಗಿ, ಒಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೇ ನೀರಲ್ಲಿ ಮುಳುಗಿಸಿದರೆ ಆ ಗಾಳಿ ಥಟ್ಟನೆ ಕುಗ್ಗಿ, ಗ್ರೀಸ್ ಹೊರಬಾರದಂತೆ ತಡೆಯುವ ರಬ್ಬರ್ ಬಳೆಯಾದ ಆಯಿಲ್ ಸೀಲಿನ ಅಂಚಿನಿಂದ ಉಪ್ಪುನೀರನ್ನು ಒಳಗೆಳೆದುಕೊಳ್ಳುತ್ತದೆ. ಒಂದು ಚಮಚ ನೀರು ಸಾಕು. ಟ್ರೈಲರ್ ಎರಡು ವಾರ ನಿಂತರೆ ರೋಲರ್ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ, ಮುಂದಿನ ಪ್ರಯಾಣದಲ್ಲಿ ಅದೇ ಬೇರಿಂಗನ್ನು ಅರೆಯುತ್ತದೆ.

ತಲುಪಿದ ಕೂಡಲೇ ದೋಣಿ ಇಳಿಸಬೇಡಿ. ಮೊದಲು ಕೂವೆಮರ (ಹಾಯಿ ಕಟ್ಟುವ ಕಂಬ) ನಿಲ್ಲಿಸಿ, ಹಗ್ಗ, ಚುಕ್ಕಾಣಿ ಜೋಡಿಸಿಕೊಳ್ಳಿ. ಅಷ್ಟರಲ್ಲಿ ಅರ್ಧ ಗಂಟೆ ಕಳೆದು ಹಬ್ ತಣಿದಿರುತ್ತದೆ. ಭರತದ ಹೊತ್ತು ನೋಡಿ ಇಳಿಸಿದರೆ ಚಕ್ರ ಆಳಕ್ಕೆ ಹೋಗುವ ಅಗತ್ಯ ಕಡಿಮೆ. ಇಳಿತದಲ್ಲಾದರೆ ಪಾಚಿ ಕಟ್ಟಿದ ಇಳಿಜಾರಿನಲ್ಲಿ ಕಾರಿನ ಟಯರೂ ಜಾರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದಕ್ಕಿಂತಲೂ ಒಳ್ಳೆಯದು, ನೀರಿಗೆ ಇಳಿಸಲು ಬೇರೆಯೇ ಒಂದು ಹಗುರ ತಳ್ಳುಗಾಡಿ. ರಸ್ತೆ ಟ್ರೈಲರ್ ಉಪ್ಪುನೀರು ಮುಟ್ಟುವುದೇ ಬೇಡ.

ಗ್ರೀಸ್ ತುಂಬುವ ರೀತಿಯೂ ಮುಖ್ಯ. ಹಳೆಯದರ ಮೇಲೆ ಹೊಸದನ್ನು ಮೆತ್ತಿದರೆ ಒಳಗಿನ ಉಪ್ಪು ಒಳಗೇ ಉಳಿಯುತ್ತದೆ. ಬೇರಿಂಗ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ. ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಮರೀನ್ ಗ್ರೀಸ್ ಇಟ್ಟುಕೊಂಡು, ಬೇರಿಂಗ್‌ನ ಅಗಲದ ಬದಿಯನ್ನು ಅದಕ್ಕೆ ಒತ್ತುತ್ತಾ ಬನ್ನಿ. ರೋಲರ್‌ಗಳ ಸಂದಿಯಿಂದ ಗ್ರೀಸ್ ಎಳೆ ಎಳೆಯಾಗಿ ಮೇಲೆ ಬರುವವರೆಗೆ ಬಿಡಬೇಡಿ. ಸುತ್ತ ಎಲ್ಲಾ ಕಡೆ ಹಾಗೆ ಬರಬೇಕು. ಬಿಚ್ಚಿದಾಗಲೆಲ್ಲ ಆಯಿಲ್ ಸೀಲ್ ಹೊಸದು ಹಾಕಿ. ಚಕ್ರ ತಿರುಗಿಸುತ್ತಾ ನಟ್ ಬಿಗಿ ಮಾಡಿ, ಸ್ವಲ್ಪ ಹಿಡಿದಂತಾದಾಗ ಸಡಿಲಿಸಿ, ಬೆರಳಲ್ಲೇ ಬಿಗಿದು ಹೊಸ ಪಿನ್ ಹಾಕಿ. ತುಂಬಾ ಬಿಗಿಯಾದರೆ ಬೇರಿಂಗ್ ಸುಡುತ್ತದೆ, ಸಡಿಲವಾದರೆ ಚಕ್ರ ಅಲುಗಿ ಸೀಲ್ ಹರಿಯುತ್ತದೆ. ಹೊರಟ 10 ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಮುಂದೆ ಹೋಗಬೇಡಿ.

ಮನೆಗೆ ಬಂದು ತೊಳೆಯುವಾಗ ಒಂದು ಮಾತು: ಕಡಲ ಬದಿಯ ಬಾವಿ ಏಪ್ರಿಲ್, ಮೇಯಲ್ಲಿ ಸವಳಾಗುವುದುಂಟು. ಹನಿ ನಾಲಗೆಗೆ ಹಾಕಿ ನೋಡಿ ತೊಳೆಯಿರಿ.

ಪ್ರಶ್ನೆ: ಕೂವೆಮರ ಹಿಡಿದಿರುವ ಸ್ಟೀಲ್ ತಂತಿಯ ಒಂದೇ ಒಂದು ಎಳೆ ಕಡಿದಿದೆ. ಮಲ್ಪೆ ಬಂದರಿನ ಅಂಗಡಿಯಲ್ಲಿ ಸಿಗುವ ತಂತಿಹಗ್ಗ ಹಾಕಬಹುದೇ?
— ಕಟಪಾಡಿಯ ಓದುಗರು

ಉತ್ತರ: ಬೇಡ. ಬಲೆ ಎಳೆಯುವ ತಂತಿಹಗ್ಗ ರಾಟೆಯ ಮೇಲೆ ಬಳುಕಲೆಂದು ಸಣ್ಣ ಎಳೆಗಳಿಂದ ಹೊಸೆದದ್ದು. ಭಾರ ಬಿದ್ದಾಗ ಹಿಗ್ಗುತ್ತದೆ, ಮರ ವಾಲುತ್ತದೆ. ನಿಮಗೆ ಬೇಕಾದದ್ದು 19 ಎಳೆಗಳನ್ನು ಒಂದೇ ಹುರಿಯಾಗಿ ಹೊಸೆದ 316 ದರ್ಜೆಯ ಸ್ಟೇನ್‌ಲೆಸ್ ತಂತಿ. ಈ ಗಾತ್ರದ ದೋಣಿಗಳಲ್ಲಿ ಸಾಮಾನ್ಯವಾಗಿ 2.5ರಿಂದ 3 ಮಿಲಿಮೀಟರ್ ಇರುತ್ತದೆ, ಹಳೆಯದನ್ನು ಅಳೆದು ಅಷ್ಟೇ ದಪ್ಪದ್ದು ತರಿಸಿ. ಒಂದು ಎಳೆ ಕಡಿದರೂ ತಂತಿ ಬದಲಿಸಲೇಬೇಕು, ಉಳಿದವೂ ಅಷ್ಟೇ ದುಡಿದಿವೆ. ಎಡಬಲ ಎರಡನ್ನೂ ಒಟ್ಟಿಗೇ ಬದಲಿಸಿ. ಮುರಿಯುವುದು ಹೆಚ್ಚಾಗಿ ಕೆಳತುದಿಯಲ್ಲಿ, ತಂತಿ ಲೋಹದ ಕೊಳವೆಯೊಳಗೆ ಹೋಗುವಲ್ಲಿ. ನೀರು ಇಳಿದು ನಿಲ್ಲುವ ಜಾಗ ಅದು. ತಿಂಗಳಿಗೊಮ್ಮೆ ಹತ್ತಿಯನ್ನು ತಂತಿಗೆ ಸುತ್ತಿ ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಕಡಿದ ಎಳೆ ಇದ್ದಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಮಾತ್ರ ಎಳೆಯಬೇಡಿ.

ಅಲ್ಯೂಮಿನಿಯಂ ಮರದ ಮೇಲೆ ಸ್ಟೀಲ್ ರಿವೆಟ್‌ಗಳ ಸುತ್ತ ಬಿಳಿ ಪುಡಿ ಕಂಡರೆ ಅದನ್ನೂ ಈಗಲೇ ಬಿಚ್ಚಿಸಿ. ಎರಡು ಲೋಹ, ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಮತ್ತೆ ಕೂರಿಸುವಾಗ ನಡುವೆ ನೈಲಾನ್ ವಾಷರ್ ಅಥವಾ ತುಕ್ಕು ತಡೆಯುವ ಪೇಸ್ಟ್ ಇರಲಿ.

ಮರ ಎತ್ತುವ ಮೊದಲು ತಲೆಯೆತ್ತಿ ವಿದ್ಯುತ್ ತಂತಿ ನೋಡಿ. ತೆಂಗಿನ ಗರಿಗಳ ನಡುವೆ ಅದು ಸುಲಭಕ್ಕೆ ಕಾಣುವುದಿಲ್ಲ. ನಿಲ್ಲಿಸಿದ ಮೇಲೆ ದೋಣಿ ತಳ್ಳಿಕೊಂಡು ಹೋಗುವ ದಾರಿಯನ್ನೂ ಕೊನೆಯವರೆಗೆ ನಡೆದು ನೋಡಿ ಬನ್ನಿ. ಇದರಲ್ಲಿ ಎರಡನೇ ಅವಕಾಶ ಇಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ದೋಣಿಯನ್ನು ಅಂಗಳದಲ್ಲಿ ಹೇಗಿಡಬೇಕು?
— ಬೆಂಗ್ರೆಯ ಓದುಗರು

ಉತ್ತರ: ಕವುಚಿ ಹಾಕಿ, ಎರಡು ಮರದ ದಿಮ್ಮಿಗಳ ಮೇಲೆ, ನೆಲಕ್ಕೆ ತಾಗದಂತೆ. ತಳದ ಬಿರಡೆ ತೆಗೆದಿಡಿ. ಪಡುಗಾಳಿಗೆ ಹಗುರ ದೋಣಿ ಹಾರಿಹೋಗುತ್ತದೆ, ನಾಲ್ಕು ಮೂಲೆಗೂ ಗೂಟ ಹೊಡೆದು ಕಟ್ಟಿ. ತೆಂಗಿನ ಮರದಡಿ ಬೇಡ. ಪ್ಲಾಸ್ಟಿಕ್ ಹಾಳೆಯನ್ನು ದೋಣಿಗೆ ಅಂಟಿಕೊಳ್ಳುವಂತೆ ಬಿಗಿದರೆ ಒಳಗೆ ಬೆವರು ನಿಂತು ಫೈಬರಿನ ಮೇಲ್ಪದರ ಗುಳ್ಳೆ ಏಳಬಹುದು. ಗಾಳಿಯಾಡಲು ಜಾಗ ಬಿಡಿ. ಹಾಯಿಯನ್ನು ಮೇ ಕೊನೆಯೊಳಗೆ ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಮಡಚದೆ ಸುರುಳಿ ಸುತ್ತಿ ಅಟ್ಟದಲ್ಲಿಡಿ. ಉಪ್ಪು ಉಳಿದರೆ ಮಳೆಗಾಲವಿಡೀ ತೇವ ಎಳೆದುಕೊಂಡು ಬೂಷ್ಟು ಹಿಡಿಯುತ್ತದೆ.