ಕ್ಷ-ಕಿರಣದ ಚುಕ್ಕೆಗಳೆಲ್ಲ ಕಪ್ಪುಕುಳಿಗಳೇ?

ಪ್ರಶ್ನೆ: ಆಂಡ್ರೊಮಿಡಾ ಗ್ಯಾಲಕ್ಸಿಯ ಕ್ಷ-ಕಿರಣ ಚಿತ್ರದಲ್ಲಿ ಕಾಣುವ ನೂರಾರು ಚುಕ್ಕೆಗಳೆಲ್ಲ ಕಪ್ಪುಕುಳಿಗಳೇ? ಯಾವುದು ಏನೆಂದು ಇಷ್ಟು ದೂರದಿಂದ ಹೇಗೆ ಗುರುತಿಸುತ್ತಾರೆ?

ಉತ್ತರ: ಅಲ್ಲ. ಅವುಗಳಲ್ಲಿ ಎಷ್ಟೋ ಚುಕ್ಕೆಗಳು ಆಂಡ್ರೊಮಿಡಾಕ್ಕೆ ಸೇರಿದವೇ ಅಲ್ಲ. ನಮ್ಮದೇ ಗ್ಯಾಲಕ್ಸಿಯ ನಕ್ಷತ್ರಗಳು ಅದರ ಮುಂದೆಯೂ, ಅದಕ್ಕಿಂತ ಬಹುದೂರದ ಗ್ಯಾಲಕ್ಸಿಗಳ ಉಜ್ವಲ ಕೇಂದ್ರಗಳು ಹಿಂದೆಯೂ ಇದ್ದು, ಒಂದೇ ನೇರದಲ್ಲಿ ಬರುವುದರಿಂದ ಚಿತ್ರದಲ್ಲಿ ಬೆರೆತುಹೋಗುತ್ತವೆ. ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕದ ವೀಕ್ಷಣೆಗಳಿಂದ ಸಿದ್ಧವಾಗಿ 2011ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಈ ದಿಕ್ಕಿನ 1,897 ಮೂಲಗಳಿವೆ. ಆದರೆ ಅವುಗಳಲ್ಲಿ ಬಹಳಷ್ಟನ್ನು ಹೆಚ್ಚು ಶಕ್ತಿಯ ಕಿರಣ ಸೂಸುವವು ಎಂದಷ್ಟೇ ನಮೂದಿಸಿ, ಒಂದು ಇನ್ನೊಂದರಿಂದ ಅನಿಲ ಸೆಳೆಯುವ ಜೋಡಿ ನಕ್ಷತ್ರವೋ ಹಿನ್ನೆಲೆಯ ಗ್ಯಾಲಕ್ಸಿಯೋ ಎಂಬುದನ್ನು ತೀರ್ಮಾನಿಸದೆ ಬಿಡಲಾಗಿದೆ. ಪ್ರಾಮಾಣಿಕವಾದ ಪಟ್ಟಿಯೆಂದರೆ ಹೀಗೇ ಇರಬೇಕು.

ಗುರುತಿಸುವ ಮೊದಲ ಕೆಲಸ ಸ್ಥಾನನಿರ್ಣಯ. 1999ರಲ್ಲಿ ಉಡಾವಣೆಯಾದ ಚಂದ್ರಾ ದೂರದರ್ಶಕದ ಸ್ಪಷ್ಟತೆ ಸುಮಾರು ಅರ್ಧ ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿ ಕೋನದ 3,600ನೇ ಒಂದು ಭಾಗ). 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾದಲ್ಲಿ ಇದು ಆರು ಜ್ಯೋತಿರ್ವರ್ಷಗಳಷ್ಟು ಅಗಲಕ್ಕೆ ಸಮ. ಆ ಜಾಗದ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ತೆಗೆದ ಚಿತ್ರದೊಂದಿಗೆ ಹೋಲಿಸಿದಾಗ ಚುಕ್ಕೆಯು ಗೋಳಾಕಾರದ ನಕ್ಷತ್ರಗುಚ್ಛವೊಂದರಲ್ಲಿ ಕುಳಿತಿದ್ದರೆ, ಅದು ಪಕ್ಕದ ಸಣ್ಣ ನಕ್ಷತ್ರದಿಂದ ಅನಿಲ ಸೆಳೆಯುತ್ತಿರುವ ನ್ಯೂಟ್ರಾನ್ ನಕ್ಷತ್ರವೋ (ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯುವ ಅತಿ ಸಾಂದ್ರ ತಿರುಳು) ಕಪ್ಪುಕುಳಿಯೋ ಆಗಿರುವ ಸಾಧ್ಯತೆಯೇ ಹೆಚ್ಚು. ಬರೀ ಕಡಿಮೆ ಶಕ್ತಿಯ ಕಿರಣಗಳು ಬರುತ್ತಿದ್ದರೆ ಮೇಲ್ಮೈಯಲ್ಲಿ ಹೈಡ್ರೋಜನ್ ಉರಿಸುತ್ತಿರುವ ಶ್ವೇತಕುಬ್ಜ, ಅಂದರೆ ಸೂರ್ಯನಂಥ ನಕ್ಷತ್ರ ಸತ್ತ ಮೇಲೆ ಉಳಿದ ಸಾಂದ್ರ ತಿರುಳು, ಇರಬಹುದು. ಸೂಪರ್‌ನೋವಾ ಅವಶೇಷಗಳ, ಅಂದರೆ ಸಿಡಿದ ನಕ್ಷತ್ರಗಳ ಉಳಿಕೆಗಳ ಹೊಳಪು ವರ್ಷಗಳು ಕಳೆದರೂ ಅಷ್ಟಾಗಿ ಬದಲಾಗುವುದಿಲ್ಲ.

ನ್ಯೂಟ್ರಾನ್ ನಕ್ಷತ್ರ ಮತ್ತು ಕಪ್ಪುಕುಳಿಗಳನ್ನು ಬೇರ್ಪಡಿಸುವುದೇ ನಿಜಕ್ಕೂ ಕಷ್ಟದ ಕೆಲಸ. ಮೂಲವೊಂದು ಕೆಲವೇ ಸೆಕೆಂಡುಗಳಲ್ಲಿ ಭುಗ್ಗೆಂದು ಬೆಳಗಿ ನಿಧಾನವಾಗಿ ತಣಿದರೆ, ಸೆಳೆದುಕೊಂಡ ಅನಿಲ ಮೇಲ್ಮೈಯೊಂದರ ಮೇಲೆ ಶೇಖರವಾಗಿ ಸಿಡಿದಿದೆ ಎಂದರ್ಥ. ಕಪ್ಪುಕುಳಿಗೆ ಅಂಥ ಮೇಲ್ಮೈಯೇ ಇಲ್ಲ; ಹಾಗಾಗಿ ಅದು ನ್ಯೂಟ್ರಾನ್ ನಕ್ಷತ್ರ. ನ್ಯೂಟ್ರಾನ್ ನಕ್ಷತ್ರವೆನ್ನಲು ಕ್ರಮಬದ್ಧವಾದ ಮಿಡಿತ ಇನ್ನೂ ಗಟ್ಟಿ ಪುರಾವೆ. ಸಪ್ತರ್ಷಿಮಂಡಲದ ದಿಕ್ಕಿನಲ್ಲಿ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರವಿರುವ ಎಂ82 ಗ್ಯಾಲಕ್ಸಿಯ ಒಂದು ಮೂಲ ಸುಮಾರು ಒಂದು ಕೋಟಿ ಸೂರ್ಯರಷ್ಟು ಶಕ್ತಿ ಸೂಸುತ್ತದೆ. ಇಷ್ಟು ಪ್ರಖರವಾದದ್ದು ಕಪ್ಪುಕುಳಿಯೇ ಇರಬೇಕೆಂದು ನಂಬಲಾಗಿತ್ತು. 2014ರಲ್ಲಿ ನುಸ್ಟಾರ್ ದೂರದರ್ಶಕವು ಅದು 1.37 ಸೆಕೆಂಡಿಗೊಮ್ಮೆ ಮಿಡಿಯುವುದನ್ನು ಕಂಡುಹಿಡಿದ ಮೇಲೆ, ಅದು ತನ್ನ ಅಕ್ಷದ ಮೇಲೆ ತಿರುಗುತ್ತಿರುವ ನ್ಯೂಟ್ರಾನ್ ನಕ್ಷತ್ರವೆಂಬುದು ಖಚಿತವಾಯಿತು. ಮುಂದೆ ಬೇರೆ ಗ್ಯಾಲಕ್ಸಿಗಳಲ್ಲೂ ಇಂಥವು ಸಿಕ್ಕಿದ್ದರಿಂದ, ಹೊಳಪೊಂದನ್ನೇ ನೋಡಿ ಕಪ್ಪುಕುಳಿಯೆಂದು ಖಗೋಳವಿಜ್ಞಾನಿಗಳು ಈಗ ಹೇಳುವುದಿಲ್ಲ.