ಅಮ್ಮನ ಫೈಲು ತಂದ ಮೇಲೆ

ಗುರುತಿನ ವಿವರಗಳನ್ನೆಲ್ಲ ಬದಲಿಸಿದ್ದೇನೆ. 52 ವರ್ಷದ ಶಿಕ್ಷಕಿಯೊಬ್ಬರು ಸಲಹೆಗಾಗಿ ನನ್ನಲ್ಲಿಗೆ ಬಂದಾಗ, ಅವರು ಸರಿಯಾಗಿ ನಿದ್ರೆ ಮಾಡದೆ ಹಲವು ವಾರಗಳಾಗಿದ್ದವು. ಅವರ ತಾಯಿಗೆ ಅಕ್ಕಿ ಆರಿಸುವಾಗ ನೇರ ನೋಡಿದ ಜಾಗವೇ ಮಸುಕಾಗತೊಡಗಿ, ಬಾಗಿಲ ಚೌಕಟ್ಟು ಡೊಂಕಾಗಿ ಕಂಡು, ಮನೆಯವರು ಪೊರೆ ಬಂದಿರಬೇಕೆಂದು ಸುಮ್ಮನಿದ್ದ ತಿಂಗಳುಗಳಲ್ಲೇ ಒಂದು ಕಣ್ಣಿನ ನಡುನೋಟ ಹೋಗಿತ್ತು. "ದೊಡ್ಡಮ್ಮನಿಗೂ ಹೀಗೇ ಆಗಿತ್ತು ಮೇಡಂ, ಇನ್ನು ನನ್ನ ಸರದಿ" ಎಂದರು. ಕೈಚೀಲದಲ್ಲಿ ವಿಟಮಿನ್ ಮಾತ್ರೆಗಳ ಡಬ್ಬಿಯಿತ್ತು. ಜೀನ್ ಪರೀಕ್ಷೆಯನ್ನು ಎಲ್ಲಿ ಮಾಡಿಸಬೇಕೆಂಬುದು ಅವರ ಮೊದಲ ಪ್ರಶ್ನೆಯಾಗಿತ್ತು.

ನಾನು ಕೇಳಿದ್ದು ತಾಯಿಯ ಆಸ್ಪತ್ರೆಯ ಫೈಲನ್ನು. ನಮ್ಮ ಮನೆಗಳಲ್ಲಿ ಮುಪ್ಪಿನ ಕಣ್ಣಿನ ತೊಂದರೆಗಳೆಲ್ಲ 'ಪೊರೆ' ಎಂಬ ಒಂದೇ ಹೆಸರಿನಲ್ಲಿ ಸೇರಿಹೋಗುತ್ತವೆ. ಕಣ್ಣಿನ ನರ ಹಾಳಾಗುವ ಗ್ಲಾಕೋಮಾವೋ, ಸಕ್ಕರೆ ಕಾಯಿಲೆಯಿಂದಾದ ರೆಟಿನಾ (ಕಣ್ಣಿನ ಹಿಂಬದಿಯ, ಬೆಳಕು ಗ್ರಹಿಸುವ ಪದರ) ತೊಂದರೆಯೋ, ಆ ಪದರದ ನಡುಭಾಗವಾದ ಮ್ಯಾಕ್ಯುಲಾದ ಸವಕಳಿಯೋ ಎಂದು ತಿಳಿಯದೆ 'ವಂಶದಲ್ಲಿದೆ' ಎಂದರೆ ಭಯ ಬೆಳೆಯುತ್ತದೆಯೇ ಹೊರತು ದಾರಿ ಕಾಣುವುದಿಲ್ಲ. ಎರಡನೆಯ ಭೇಟಿಗೆ ಅವರು ಫೈಲು ತಂದರು. ತಾಯಿಯದು 74ನೆಯ ವಯಸ್ಸಿನಲ್ಲಿ ಪತ್ತೆಯಾದ, ರೆಟಿನಾದ ಕೆಳಗೆ ಹೊಸ ರಕ್ತನಾಳಗಳು ಬೆಳೆದು ಸೋರುವ ಬಗೆಯ ಮ್ಯಾಕ್ಯುಲಾ ಸವಕಳಿ. ದೊಡ್ಡಮ್ಮನದು ಮಾತ್ರ ನಿಜಕ್ಕೂ ಪೊರೆಯೇ. ಆಪರೇಷನ್ ಆದ ಮೇಲೆ ಅವರು ಕೊನೆಯವರೆಗೂ ಪತ್ರಿಕೆ ಓದುತ್ತಿದ್ದರಂತೆ.

ಹೆತ್ತವರಿಗೆ ಅಥವಾ ಒಡಹುಟ್ಟಿದವರಿಗೆ ಈ ಸವಕಳಿಯಿದ್ದರೆ ಅಪಾಯ ಹೆಚ್ಚುವುದು ನಿಜವೆಂದು ಮರೆಮಾಚದೆ ಹೇಳಿದೆ. 2005ರಲ್ಲಿ ಸಿಎಫ್‌ಎಚ್ ಎಂಬ ಜೀನಿಗೂ ಈ ರೋಗಕ್ಕೂ ಇರುವ ನಂಟು ಬೆಳಕಿಗೆ ಬಂತು. ಆದರೆ ಅದರ ಅಪಾಯಕರ ರೂಪವನ್ನು ಹೊತ್ತ ಎಷ್ಟೋ ಮಂದಿಗೆ ರೋಗ ಬರುವುದೇ ಇಲ್ಲವಾದ್ದರಿಂದ, ಮತ್ತು ಫಲಿತಾಂಶ ಏನೇ ಬಂದರೂ ಅವರು ಮಾಡಬೇಕಾದದ್ದು ಬದಲಾಗದಿರುವುದರಿಂದ, ಆ ಪರೀಕ್ಷೆಗೆ ಹಣ ಸುರಿಯುವುದು ಬೇಡವೆಂದೆ. ಅದರ ಬದಲು ಕಣ್ಣಿಗೆ ಹನಿ ಹಾಕಿಸಿಕೊಂಡು ರೆಟಿನಾ ಪರೀಕ್ಷೆ ಮಾಡಿಸಿ, ತಾಯಿಯ ರೋಗದ ಹೆಸರನ್ನು ವೈದ್ಯರಿಗೆ ಹೇಳುವಂತೆ ಸೂಚಿಸಿದೆ. ಅವರು ತಂದಿದ್ದಂಥ ಮಾತ್ರೆಗಳು ರೋಗ ಮಧ್ಯಮ ಹಂತ ತಲುಪಿದವರಲ್ಲಿ ಅದು ಉಲ್ಬಣಿಸುವುದನ್ನು ಸ್ವಲ್ಪ ತಡೆಯಬಲ್ಲವು. ರೋಗವೇ ಇಲ್ಲದವರಿಗೆ ಅದು ಬಾರದಂತೆ ಮಾಡಲಾರವು.

ಒಂದು ಪ್ರಶ್ನೆ ಅವರನ್ನು ತಟ್ಟಿತು: "ನಿಮ್ಮ ತಮ್ಮನಿಗೂ ಅದೇ ತಾಯಿಯಲ್ಲವೇ?" ದಿನಕ್ಕೊಂದು ಪ್ಯಾಕು ಸಿಗರೇಟು ಸೇದುವ ತಮ್ಮನ ವಿಚಾರ ಅವರಿಗೆ ಹೊಳೆದೇ ಇರಲಿಲ್ಲ. ಈ ರೋಗದ ಮಟ್ಟಿಗೆ ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಹೊಗೆಯೇ ಎಲ್ಲಕ್ಕಿಂತ ದೊಡ್ಡದು. ತಾಯಿಗೆ, ಇನ್ನೊಂದು ಕಣ್ಣಿನ ಕಾವಲಿಗಾಗಿ, ಪ್ರತಿ ಕಣ್ಣನ್ನೂ ಬೇರೆ ಬೇರೆಯಾಗಿ ಮುಚ್ಚಿ ಆಮ್ಸ್ಲರ್ ಚೌಕಳಿ ಹಾಳೆಯನ್ನು ನೋಡುವ ಕ್ರಮ ಕಲಿಸಿಕೊಟ್ಟೆ; ಗೆರೆ ಬಾಗಿ ಕಂಡರೆ ಮುಂದಿನ ವಾರಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮಗಳ ರೆಟಿನಾದಲ್ಲಿ ಸದ್ಯ ರೋಗದ ಲಕ್ಷಣವಿಲ್ಲ. ಅವರ ತಮ್ಮನೂ ಪರೀಕ್ಷೆಗೆ ಬರಲು ಒಪ್ಪಿದ್ದಾರೆ. ಸಿಗರೇಟಿನ ಮಾತು ಇನ್ನೂ ಬಾಕಿಯಿದೆ.