"ನಾನ ಕೊಂದೇನ್ರಿ"

ರಜೆಗೆ ಬಂದ ಸೈನಿಕರು ಇದೇ ಮಾತನ್ನು ಆಪ್ತ ಸಮಾಲೋಚಕಿಯಾದ ನನ್ನ ಮುಂದೆ ಮತ್ತೆ ಮತ್ತೆ ಆಡುತ್ತಾರೆ. ಉತ್ತರ ಕರ್ನಾಟಕದ ಈ ಹುಡುಗನನ್ನು ಅವನ ಅಪ್ಪ ಕರೆತಂದಿದ್ದರು. ಕಳೆದ ವರ್ಷ ರೈಫಲ್ ಸಾಫ್ ಮಾಡುವಾಗ ಗುಂಡು ಹಾರಿ, ಜೊತೆಯ ಜವಾನ ತೀರಿಕೊಂಡಿದ್ದ. ಸೇನೆಯ ಒಳಗಿನ ತನಿಖೆ, ಅಂದರೆ ಕೋರ್ಟ್ ಆಫ್ ಎನ್‌ಕ್ವೈರಿ, ಇನ್ನೂ ನಡೆದಿತ್ತು.

ಮೂರನೇ ಭೇಟಿಗೆ ನಾಲ್ಕು ಮಡಿಕೆಯ ನೋಟ್‌ಬುಕ್ ಹಾಳೆ ತಂದ. ಗೆಳೆಯನ ತಾಯಿಗೆ ಬರೆದ ಪತ್ರ. "ನಾನೇ ಕೊಂದೆ" ಅನ್ನುವ ಕಡೆ ಪೆನ್ನು ಒತ್ತಿ ಹಾಳೆ ಹರಿದಿತ್ತು.

"ಕೋರ್ಟ್ ಮಾರ್ಷಲ್ ಆದ್ರೂ ಹಿಂಗ ಹೇಳ್ತೀನ್ರಿ. ದೊಡ್ಡ ಶಿಕ್ಷಾನ ಕೊಡ್ಲಿ."

"ಟ್ರಿಗರ್ ಒತ್ತುವಾಗ ಒಳಗೆ ಗುಂಡಿದೆ ಅಂತ ಗೊತ್ತಿತ್ತಾ?"

ಬಹಳ ಹೊತ್ತು ಸುಮ್ಮನಿದ್ದ. ಬಲಗೈ ಗಾಳಿಯಲ್ಲೇ ರೈಫಲ್ಲಿನ ಕಾಕಿಂಗ್ ಹ್ಯಾಂಡಲ್ ಎಳೆಯಿತು. "ಮ್ಯಾಗಜೀನ್ ತೆಗೆದಿದ್ದೆ ರೀ. ಚೇಂಬರ್ ನೋಡ್ಲಿಲ್ಲ."

ಗುಂಡುಗಳಿರುವ ಮ್ಯಾಗಜೀನ್ ತೆಗೆದರೂ ನಳಿಕೆಯ ಬುಡದ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಅದು ಗೊತ್ತಿತ್ತೋ ಇಲ್ಲವೋ, ಇಡೀ ಕಾನೂನು ನಿಂತಿರುವುದು ಈ ಒಂದು ಮಾತಿನ ಮೇಲೆ. ಸಾವಿನ ಅಪರಾಧಕ್ಕೆ 1950ರ ಸೇನಾ ಕಾಯ್ದೆಯಲ್ಲಿ ಬೇರೆ ವ್ಯಾಖ್ಯೆ ಇಲ್ಲ. 69ನೇ ಕಲಂ ಸಾಮಾನ್ಯ ಕ್ರಿಮಿನಲ್ ಕಾನೂನನ್ನೇ ಎರವಲು ಪಡೆಯುತ್ತದೆ. ಈಗ ಅದು ಭಾರತೀಯ ನ್ಯಾಯ ಸಂಹಿತೆ. ಸಾವು ಬರಬಹುದೆಂದು ಗೊತ್ತಿದ್ದೂ ಮಾಡಿದರೆ ಅದು ಕೊಲೆಯಲ್ಲದ ನರಹತ್ಯೆ, 105ನೇ ಕಲಂ. 10 ವರ್ಷದವರೆಗೆ ಜೈಲು, ಉದ್ದೇಶವೂ ಇದ್ದರೆ ಜೀವಾವಧಿಯೂ ಆಗಬಹುದು. ಬರೀ ಅಜಾಗರೂಕತೆ ಆದರೆ 106ನೇ ಕಲಂ, ಸಂಹಿತೆಯಲ್ಲಿ 5 ವರ್ಷದವರೆಗೆ; ಸೇನಾ ಕಾಯ್ದೆಯ 69ನೇ ಕಲಂ ಪ್ರಕಾರ ಕೋರ್ಟ್ ಮಾರ್ಷಲ್ 7 ವರ್ಷದವರೆಗೂ ಕೊಡಬಹುದು. ಎರಡರಲ್ಲೂ ನೌಕರಿ ಹೋಗಬಹುದು. (ಸತ್ತವರು ಸೈನಿಕರಲ್ಲದಿದ್ದರೆ ನರಹತ್ಯೆಯ ಕೇಸು ಸಾಮಾನ್ಯವಾಗಿ ಹೊರಗಿನ ಕೋರ್ಟಿಗೇ ಹೋಗುತ್ತದೆ. ಇಲ್ಲಿ ಇಬ್ಬರೂ ಜವಾನರು.)

ನಾನು ವಕೀಲೆಯಲ್ಲ. ಆದರೂ ಹೇಳಿದೆ: ಪತ್ರ ಈಗ ಕಳಿಸಬೇಡಿ, ಮೊದಲು ವಕೀಲರಿಗೆ ತೋರಿಸಿ. ಕೋರ್ಟ್ ಆಫ್ ಎನ್‌ಕ್ವೈರಿಯಲ್ಲಿ ನಿಮ್ಮ ಹೆಸರಿಗೆ ಧಕ್ಕೆ ಬರುವಂತಿದ್ದರೆ ಪೂರ್ತಿ ಹಾಜರಿರುವ, ಸಾಕ್ಷಿಗಳನ್ನು ಪ್ರಶ್ನಿಸುವ ಹಕ್ಕು ಸೇನಾ ನಿಯಮ 180ರಲ್ಲಿದೆ. ಕೋರ್ಟ್ ಮಾರ್ಷಲ್ ಆದರೆ, ಆರೋಪದ ಅರ್ಥ ತಿಳಿಯದೆ ತಪ್ಪೊಪ್ಪಬೇಡಿ.

"ತಪ್ಪು ಮಾಡಿದವನನ್ನು ಬಚಾವ್ ಮಾಡ್ತಿದ್ದೀರಲ್ಲ?" ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ತಪ್ಪಿಲ್ಲ ಅಂತ ನಾನು ಅವನಿಗೆ ಒಂದು ಸಲವೂ ಹೇಳಿಲ್ಲ. ಚೇಂಬರ್ ನೋಡದಿದ್ದದ್ದು ತಪ್ಪೇ. ಆದರೆ ಮಾಡದ ದೊಡ್ಡ ತಪ್ಪನ್ನು ದುಃಖದಲ್ಲಿ ತಲೆ ಮೇಲೆ ಹೊತ್ತುಕೊಳ್ಳುವುದು ಪಶ್ಚಾತ್ತಾಪವಲ್ಲ, ತನ್ನನ್ನೇ ಹೊಡೆದುಕೊಳ್ಳುವ ಇನ್ನೊಂದು ದಾರಿ. ಅದಕ್ಕೆ ನಾನು ಹೂಂ ಅನ್ನಲಾರೆ.

ಹುಡುಗ ಪತ್ರವನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಬಾಗಿಲ ಹತ್ತಿರ ನಿಂತು ಕೇಳಿದ: "ಅಲ್ಲಿತನಕ ಆ ಅವ್ವಗ ಏನ್ ಹೇಳ್ಲಿ ರೀ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.